ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳು

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯ ಮಠಗಳಲ್ಲಿ ಶ್ರಾವಣಮಾಸದ ಪುರಾಣ ಕೇಳಲು ಕುಳಿತವರಿಗೆ ಒಂದು ನೋಟ ಚಿರಪರಿಚಿತವಾದುದು. ಪೀಠದ ಮೇಲೆ ಶಾಸ್ತ್ರಿಗಳು, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಹಾಡುವ ಗವಾಯಿಗೆ ಅನೇಕ ಸಲ ಕಣ್ಣುಗಳಿರುವುದಿಲ್ಲ. ಅವರು ಕಲಿತದ್ದೆಲ್ಲಿ ಎಂದು ವಿಚಾರಿಸಿದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಬರುತ್ತದೆ. ಆ ಆಶ್ರಮಕ್ಕೆ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳ ಬದುಕು, ಬೇಡಿದ್ದೊಂದಾಗಿ ದೊರೆತದ್ದು ಮತ್ತೊಂದಾದ ಬದುಕು.

ಅವರು ಜನಿಸಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ; ಬಡ ಜಂಗಮ ಮನೆತನ. ಹುಟ್ಟಿದಾಗ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ಅಂಧ, ತಮ್ಮನೂ ಅಂಧ. ಮೊದಲನೆಯ ಕೂಸಿಗೆ ದೃಷ್ಟಿಯಿಲ್ಲವೆಂದು ತಿಳಿದ ಮೇಲೆ, ಎರಡನೆಯದಕ್ಕಾದರೂ ಬೆಳಕು ಕೊಡೆಂದು ಲಿಂಗಪೂಜೆಯ ಹೊತ್ತಿನಲ್ಲಿ ಬೇಡಿಕೊಳ್ಳದ ತಾಯಿತಂದೆಗಳು ಯಾವ ಊರಿನಲ್ಲಿಯೂ ಇರಲಾರರು. ಬೆಳಕು ಬರಲಿಲ್ಲ. ಅಂದಿನ ಹಳ್ಳಿಯಲ್ಲಿ ಕುರುಡು ಮಕ್ಕಳ ಮುಂದೆ ಇದ್ದ ದಾರಿ ಒಂದೇ, ಅದು ಭಿಕ್ಷೆಯದು. ಕಣ್ಣಿಲ್ಲದಿರುವುದೇ ಒಂದು ವರವೆಂದು ಹೇಳುವುದು ಕಣ್ಣುಳ್ಳವರಿಗೆ ಸುಲಭ. ಅಂತಹ ಮಾತಿನಿಂದ ಆ ಮನೆಯ ಸಂಕಟವನ್ನು ಮುಚ್ಚಬಾರದು.

ಹುಡುಗರಿಬ್ಬರಿಗೂ ಇಂಪಾದ ಕಂಠವಿತ್ತು. ಆ ಕಂಠ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳ ಕಿವಿಗೆ ಬಿದ್ದದ್ದೇ ಈ ಚರಿತ್ರೆಯ ತಿರುವು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಡದ ಶಿವಯೋಗ ಮಂದಿರವನ್ನೂ ಕಟ್ಟಿ ನಿಲ್ಲಿಸಿದ ಮಹನೀಯರು ಅವರು. ಅಂಧ ಬಾಲಕರನ್ನು ಕಂಡು ಕನಿಕರದಿಂದ ಕಾಸು ಕೊಟ್ಟು ಕಳುಹಿಸಲಿಲ್ಲ. ಮಠದ ಮಕ್ಕಳನ್ನಾಗಿ ಸ್ವೀಕರಿಸಿ ಸಂಗೀತವಿದ್ಯೆಗೆ ಹಚ್ಚಿದರು. ವಿದ್ಯೆ ಕೈಗೂಡುವ ವಯಸ್ಸಿನಲ್ಲಿ ಗುರುಬಸಯ್ಯ ಅಕಾಲದಲ್ಲಿ ಶಿವಾಧೀನನಾದನು. ಕತ್ತಲೆಯಲ್ಲಿ ಜೊತೆಗಿದ್ದ ಒಂದೇ ಕೈಯೂ ತಪ್ಪಿತು. ಅಣ್ಣನ ಪಾಲಿನ ಸಾಧನೆಯನ್ನೂ ತಮ್ಮನೇ ಹೊರಬೇಕಾಯಿತು.

ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ಅನಂತರ ಮಿರಜದ ನೀಲಕಂಠ ಬುವಾ, ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಇವರಲ್ಲಿ ಹಿಂದೂಸ್ತಾನಿ ಶಿಕ್ಷಣವಾಯಿತು. ಎರಡು ಪದ್ಧತಿಗಳಲ್ಲಿಯೂ ಸಮಾನ ಅಧಿಕಾರ ಪಡೆದು ಉಭಯಗಾಯನ ವಿಶಾರದರೆನಿಸಿದವರು ಆಗ ಎಷ್ಟು ಮಂದಿ? ಅಂತಹ ವಿದ್ಯೆಗೆ ಸಂಸ್ಥಾನಗಳ ಆಶ್ರಯವೂ ದೊಡ್ಡ ನಗರಗಳ ಬೈಠಕ್ಕುಗಳೂ ತೆರೆದಿದ್ದವು. ಗುರುವಿನ ಅಪೇಕ್ಷೆ ಬೇರೆಯಾಗಿತ್ತು. ಈ ವಿದ್ಯೆ ಅಂಧರಿಗೂ ಅನಾಥರಿಗೂ ಅನ್ನವಾಗಬೇಕು, ಶಿಷ್ಯನು ಬ್ರಹ್ಮಚಾರಿಯಾಗಿ ಆ ಕಾಯಕಕ್ಕೆ ಸಮರ್ಪಿತನಾಗಬೇಕು. ಪಂಚಾಕ್ಷರಿಗಳು ಅದನ್ನು ಪ್ರಸಾದವೆಂದೇ ಸ್ವೀಕರಿಸಿದರು. ಪ್ರಸಾದವೆಂಬುದು ಬೇಡಿ ಆರಿಸಿಕೊಳ್ಳುವ ಪದಾರ್ಥವಲ್ಲ. ಕೈಯಲ್ಲಿ ಬಿದ್ದುದನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮ ರೂಢಿ.

ಅವರ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಶಿಷ್ಯವೃಂದದೊಡನೆ ಊರಿಂದೂರಿಗೆ ಸಂಚರಿಸುವುದು, ಭಕ್ತರು ಕೊಟ್ಟಲ್ಲಿ ಇಳಿಯುವುದು, ನಸುಕಿನಲ್ಲಿ ಸ್ವರಸಾಧನೆ, ಸಂಜೆಗೆ ಕೀರ್ತನೆ. ಜಾತಿಮತ ಕೇಳಲಿಲ್ಲ, ದಿಕ್ಕಿಲ್ಲದ ಮಗುವೆಂದರೆ ಸಾಕು, ಸೇರಿಸಿಕೊಂಡರು. 1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಕೈಹಿಡಿದು ನಡೆಸಿದವರು ಇಲ್ಲವಾದಾಗ ಹಿಂದಿದ್ದದ್ದು ಹಸಿದ ಮಕ್ಕಳ ಸಾಲು. ನಾಟಕದವರೆಂದರೆ ಸಂಭಾವಿತರು ಮೂಗುಮುರಿಯುತ್ತಿದ್ದ ಕಾಲದಲ್ಲಿ ಗವಾಯಿಗಳು ಗುರುವಿನ ಹೆಸರಿನಲ್ಲಿಯೇ ನಾಟ್ಯಸಂಘ ಕಟ್ಟಿದರು. ರಂಗಭೂಮಿಯಿಂದ ಬಂದದ್ದು ಮಕ್ಕಳ ಗಂಗಾಳಕ್ಕೆ ಹೋಗುತ್ತಿತ್ತು. ಶಿವನ ಇಚ್ಛೆಯೆಂಬ ಮಾತು ಕೈಕಟ್ಟಿ ಕುಳಿತವರ ಬಾಯಲ್ಲಿಯೂ ಬರುವುದುಂಟು. ಈ ವಿರಕ್ತರು ಆ ಇಚ್ಛೆಗೆ ತಲೆಬಾಗಿದ್ದು ನಾಳಿನ ಜೋಳದ ಚಿಂತೆಯನ್ನು ಹೊತ್ತುಕೊಂಡೇ.

ಆಗ ನಮ್ಮ ನಾಲ್ಕು ತಾಲೂಕುಗಳು ನಿಜಾಮನ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು, ಗದಗು ಮುಂಬಯಿ ಪ್ರಾಂತದಲ್ಲಿತ್ತು. ನಡುವಿನ ಗಡಿ ಸಂಗೀತಕ್ಕೆ ಅಡ್ಡಬರಲಿಲ್ಲ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಇವರ ಶಿಷ್ಯರಾದರು. ಧಾರವಾಡ ಕಡೆಯ ಬಸವರಾಜ ರಾಜಗುರು, ಅರ್ಜುನಸಾ ನಾಕೋಡರೂ ಇವರಲ್ಲಿಯೇ ಕಲಿತರು. ಇವರು ಕಣ್ಣುಳ್ಳ ಶಿಷ್ಯರು. ಕಣ್ಣಿಲ್ಲದ ಶಿಷ್ಯರಲ್ಲಿ ಒಬ್ಬನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದನು. ಸೋದರಮಾವ ಚಂದ್ರಶೇಖರಯ್ಯನವರು ಅವನನ್ನು ಗವಾಯಿಗಳ ಹತ್ತಿರ ತಂದು ಬಿಟ್ಟರು. ಅಣ್ಣನನ್ನು ಕಳೆದುಕೊಂಡಿದ್ದ ಗುರುವಿಗೆ ಕತ್ತಲೆಯಲ್ಲಿ ಮತ್ತೊಂದು ಕೈ ದೊರೆಯಿತು. ಹಾಡು, ವಾದ್ಯ, ಸಂಸ್ಕೃತ, ನಾಟಕರಚನೆ, ಎಲ್ಲದರಲ್ಲಿಯೂ ಆ ಬಾಲಕ ಬೆಳೆದನು.

ಕಡೆಗೆ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅಲೆದಾಡುವ ಶಾಲೆಗೆ ನೆಲೆಯಾಯಿತು. ದಾನಿಯ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ನೆಲೆಯನ್ನು ಬೇಡಿದವರಿಗೆ ಅದರಲ್ಲಿ ಬಹುಕಾಲ ವಾಸಿಸುವ ಯೋಗ ಬರಲಿಲ್ಲ. 1944ರ ಜೂನ್ 11ರಂದು, 52ರ ವಯಸ್ಸಿನಲ್ಲಿ, ಗವಾಯಿಗಳು ಲಿಂಗೈಕ್ಯರಾದರು.

1995ರಲ್ಲಿ ಅವರ ಚರಿತ್ರೆ ಚಲನಚಿತ್ರವಾಗಿ, ಅದರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಹೊಸ ತಲೆಮಾರು ಆ ಹೆಸರನ್ನು ತಿಳಿಯಿತು. ನಮ್ಮ ಹಳ್ಳಿಗಳಿಗೆ ಅದು ಮೊದಲೇ ತಿಳಿದಿತ್ತು. ಗುರು ಬಿಟ್ಟುಹೋದ ಮಕ್ಕಳನ್ನೂ ಸಾಲವನ್ನೂ ತಂಬೂರಿಯನ್ನೂ ಕೈಗೆತ್ತಿಕೊಂಡ ಪುಟ್ಟರಾಜ ಗವಾಯಿಗಳು, 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, 66 ವರ್ಷ ಆಶ್ರಮವನ್ನು ನಡೆಸಿದರು. ಗುರುಶಿಷ್ಯರ ಗದ್ದುಗೆಗಳು ಅಲ್ಲಿಯೇ ಇವೆ; ನಸುಕಿನ ಸ್ವರಸಾಧನೆ ಅವುಗಳ ಸುತ್ತಲೇ ನಡೆಯುತ್ತದೆ.