ನಂದಲಾಲ ಬೋಸರೂ ಅವರ ಶಿಷ್ಯವೃಂದವೂ

ಹರಿಪುರದ ಫಲಕಗಳನ್ನು ನಂದಲಾಲ ಬೋಸರ ಚಿತ್ರಗಳೆಂದು ಕರೆಯುವುದು ಲೋಕರೂಢಿ. ಈ ರೂಢಿ ತಪ್ಪಲ್ಲ, ಆದರೆ ಪೂರ್ಣಸತ್ಯವೂ ಅಲ್ಲ. 1938ರ ಫೆಬ್ರುವರಿಯಲ್ಲಿ, ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಗುಜರಾತಿನ ಆ ಗ್ರಾಮದಲ್ಲಿ ನೆರೆದ ಕಾಂಗ್ರೆಸ್ಸಿನ ಮಹಾಧಿವೇಶನಕ್ಕೆ ಸಿದ್ಧವಾದ ಫಲಕಗಳು 400ಕ್ಕೂ ಮಿಕ್ಕಿದ್ದುವು. ಅವುಗಳಲ್ಲಿ ಆಚಾರ್ಯರು ಸ್ವಹಸ್ತದಿಂದ ಬರೆದವು 80ಕ್ಕಿಂತ ತುಸು ಹೆಚ್ಚು; ಮಿಕ್ಕವು ಶಿಷ್ಯರ ಕೈಯವು. ಈ ಲೆಕ್ಕದಿಂದ ಅವರ ಕೀರ್ತಿಗೆ ಕುಂದಿಲ್ಲ. ಅದು ಯಾವ ಬಗೆಯ ಕೀರ್ತಿಯೆಂಬುದು ಈ ಲೆಕ್ಕದಿಂದಲೇ ತಿಳಿದುಬರುವುದು.

ನಂದಲಾಲರು 1882ರ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಖರಗಪುರದಲ್ಲಿ, ದರ್ಭಾಂಗಾ ಸಂಸ್ಥಾನದ ಸೇವೆಯಲ್ಲಿದ್ದ ವಂಗೀಯ ಗೃಹಸ್ಥರೊಬ್ಬರ ಪುತ್ರರಾಗಿ ಜನಿಸಿದರು. ಮಗನಿಗಾಗಿ ಗೊಂಬೆ ಆಟಿಕೆಗಳನ್ನು ರಚಿಸುತ್ತಿದ್ದ ತಾಯಿ ಕ್ಷೇತ್ರಮಣಿದೇವಿಯೇ ಅವರ ಪ್ರಥಮ ಗುರುವೆನ್ನಬೇಕು. ಕಾಲೇಜು ವಿದ್ಯೆ ಅವರಿಗೆ ಹಿಡಿಸಲಿಲ್ಲ. ಕಲ್ಕತ್ತೆಯ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು.

ಆ ಗುರುವಿನ ವಿಷಯದಲ್ಲಿ ಪ್ರಸಿದ್ಧವಾದ ಒಂದು ವೃತ್ತಾಂತವುಂಟು. ತಪೋನಿರತೆಯಾದ ಉಮೆಯ ಚಿತ್ರವನ್ನು ನಂದಲಾಲರು ತೋರಿಸಿದಾಗ, ಇನ್ನಷ್ಟು ವರ್ಣವೂ ಅಲಂಕಾರವೂ ಇರಲೆಂದು ಅವನೀಂದ್ರರು ಸೂಚಿಸಿದರು. ಆದರೆ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಶಿಷ್ಯನು ಕಂಡ ಉಮೆಯನ್ನು ತಿದ್ದಲು ತಾನಾರು ಎಂಬ ಅಳುಕಿನಿಂದ, ಬೆಳಗಾಗುತ್ತಲೇ ಶಿಷ್ಯನಲ್ಲಿಗೆ ಧಾವಿಸಿ, ಚಿತ್ರವನ್ನು ಮುಟ್ಟದಂತೆ ತಡೆದರು. ತಾವು ಗುರುಪೀಠವನ್ನೇರಿದ ಮೇಲೂ ನಂದಲಾಲರು ಈ ಪಾಠವನ್ನು ಮರೆಯಲಿಲ್ಲ.

ಹೆರಿಂಗ್‌ಹ್ಯಾಂ ಎಂಬ ಆಂಗ್ಲ ಮಹಿಳೆಯ ನೇತೃತ್ವದಲ್ಲಿ, 1909ರಿಂದ ಮೊದಲ್ಗೊಂಡು, ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಕಾರ್ಯ ನಡೆಯಿತು. ಅದರಲ್ಲಿ ನಂದಲಾಲರೊಡನೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ದುಡಿದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಹಿಡಿದ ಹಾದಿಗಳು ಮಾತ್ರ ಬೇರೆ. ವೆಂಕಟಪ್ಪನವರು ಬ್ರಹ್ಮಚಾರಿಯಾಗಿ, ಏಕಾಂತ ತಪಸ್ವಿಯಂತೆ ಕಲೆಯನ್ನು ಆರಾಧಿಸಿದರು. ನಂದಲಾಲರಿಗೆ ಹತ್ತು ಜನರ ನಡುವೆ ಕುಳಿತಲ್ಲದೆ ಕುಂಚ ಸಾಗದು. ಹೆಸರನ್ನು ಬರೆದಿಡದ ಬಹುಜನರು ಕೂಡಿ ಮಾಡಿದ ಅಜಂತೆಯೇ ಅವರಿಗೆ ಈ ಬುದ್ಧಿಯನ್ನು ಕಲಿಸಿತೆಂದು ನಮ್ಮ ಊಹೆ.

1922ರಿಂದ 1951ರ ತನಕ ಅವರು ರವೀಂದ್ರರ ಶಾಂತಿನಿಕೇತನದಲ್ಲಿ ಕಲಾಭವನದ ಮುಖ್ಯಸ್ಥರಾಗಿದ್ದರು. ಅಲ್ಲಿ ಎಲ್ಲರಿಗೂ ಅವರು ಮಾಸ್ಟರ್ ಮಶಾಯ್. ಮಣ್ಣಿನ ಗೋಡೆಗಳ ಮೇಲೆ ಉಬ್ಬುಚಿತ್ರಗಳನ್ನು ಮೂಡಿಸಿ, ಟಾರು ಬಳಿದ ‘ಕಾಲೋ ಬಾಡಿ’ ಎಂಬ ವಿದ್ಯಾರ್ಥಿನಿಲಯವು ಗುರುಶಿಷ್ಯರ ಕೂಡುದುಡಿಮೆಯ ಫಲ. ರಾಮಕಿಂಕರ ಬೈಜರ ಕಾಂಕ್ರೀಟಿನ ಭಾರಿ ಮೂರ್ತಿಗಳಾಗಲಿ, ವಿನೋದವಿಹಾರಿ ಮುಖರ್ಜಿಯವರ ಭಿತ್ತಿಚಿತ್ರಗಳಾಗಲಿ ಗುರುವಿನ ಶೈಲಿಯ ಅನುಕರಣೆಗಳಲ್ಲ. ತನ್ನಂತೆ ಬರೆಯದ ಶಿಷ್ಯರನ್ನು ಬೆಳೆಸುವುದು ಎಲ್ಲ ಗುರುಗಳಿಗೂ ಸಾಧ್ಯವಾದ ಕೆಲಸವಲ್ಲ.

ಮನೆಯೂ ಕಲಾಶಾಲೆಯೇ ಆಗಿತ್ತು. ಹಿರಿಯ ಮಗಳು ಗೌರಿಯವರು ಹಬ್ಬಹರಿದಿನಗಳ ಆಲ್ಪನಾ ಎಂಬ ರಂಗವಲ್ಲಿಯನ್ನು ಕಲಾಭವನದ ಪಾಠವನ್ನಾಗಿ ಬೆಳೆಸಿದರು. ಯಮುನಾ ಅವರೂ, ಪುತ್ರ ವಿಶ್ವರೂಪರೂ ಅದೇ ವೃತ್ತಿಯನ್ನು ಹಿಡಿದರು.

ಗಾಂಧೀಜಿಯವರು ಲಖನೌ, ಫೈಜಪುರ ಅಧಿವೇಶನಗಳ ತರುವಾಯ ಹರಿಪುರಕ್ಕೂ ಇವರನ್ನೇ ಕರೆದರು. ಕಲೆಯು ಹಳ್ಳಿಗನ ಕಣ್ಣಿಗೆ ಬೀಳಬೇಕು, ಹಳ್ಳಿಯ ಸಾಮಗ್ರಿಯಿಂದಲೇ ಆಗಬೇಕೆಂಬುದು ಮಹಾತ್ಮರ ಅಪೇಕ್ಷೆ. ಕೈಕಾಗದವೂ ಮಣ್ಣಿನ ಬಣ್ಣಗಳೂ ಸಿದ್ಧವಾದುವು. ಡೋಲು ಬಡಿಯುವವನು, ಬಡಗಿ, ಚಮ್ಮಾರ, ನೂಲುವ ಹೆಂಗಸು, ಎತ್ತು ಇವೇ ವಸ್ತುಗಳು. ಗುರುವು ದಪ್ಪ ರೇಖೆಗಳಲ್ಲಿ ಮಾದರಿಯನ್ನು ಬರೆದುಕೊಟ್ಟರೆ ಶಿಷ್ಯರು ಅದರ ಪ್ರತಿಗಳನ್ನು ಮಾಡುವರು. ಕೆಲವೇ ದಿನಗಳ ಸಭೆಗಾಗಿ ಇಷ್ಟು ಶ್ರಮವೇಕೆಂದು ಲೆಕ್ಕ ಹಾಕುವವರಿಗೆ ಈ ಕಾರ್ಯದ ಮರ್ಮ ತಿಳಿಯದು.

ಜವಾಹರಲಾಲರು ಭಾರತದ ಸಂವಿಧಾನದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸುವ ಭಾರವನ್ನು ವಹಿಸಿದಾಗಲೂ ಇದೇ ಕ್ರಮ. ಪ್ರೇಮ ಬಿಹಾರಿ ನಾರಾಯಣ ರಾಯಜಾದಾ ಅವರು ಅಕ್ಷರಗಳನ್ನು ಬರೆದರು. 22 ಭಾಗಗಳಿಗೂ ಒಂದೊಂದು ಚಿತ್ರ. ಸಿಂಧೂ ಕಣಿವೆಯ ಮುದ್ರೆಯಿಂದ ಮೊದಲಾಗುವ ಆ ಮಾಲೆಯಲ್ಲಿ ಝಾನ್ಸಿಯ ರಾಣಿಯೊಡನೆ ನಮ್ಮ ಟಿಪ್ಪುಸುಲ್ತಾನನಿಗೂ ಸ್ಥಾನ ದೊರೆಯಿತು. ಪೀಠಿಕೆಯ ಪುಟವನ್ನು ಅಲಂಕರಿಸಿದವರು ಜಬಲ್ಪುರದ ಬೇವಹಾರ ರಾಮಮನೋಹರ ಸಿಂಹರು. ಸಾರನಾಥದ ಸಿಂಹಗಳನ್ನು ಬರೆದವರು ದೀನನಾಥ ಭಾರ್ಗವರು. ಗೌರಿ, ಯಮುನಾ, ವಿಶ್ವರೂಪರೂ ಕೈಗೂಡಿಸಿದರು. ಗ್ರಂಥಕ್ಕೆ 1950ರ ಜನವರಿ 24ರಂದು ಸದಸ್ಯರ ಅಂಕಿತಗಳು ಬಿದ್ದುವು.

ಇಲ್ಲಿ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಈ ಶಿಷ್ಯರ ಹೆಸರುಗಳನ್ನು ನಮ್ಮ ವಿದ್ಯಾವಂತರಲ್ಲಿ ಎಷ್ಟು ಮಂದಿ ಬಲ್ಲರು? ಹೆಣ್ಣುಮಕ್ಕಳ ಹೆಸರಂತೂ ತಂದೆಯ ಹೆಸರಿನಲ್ಲೇ ಕರಗಿಹೋಗಿದೆ. ಪೀಠಿಕೆಯ ಪುಟದ ಮೂಲೆಯಲ್ಲಿ ಶಿಷ್ಯನ ಅಂಕಿತವಿದೆ. ಗುರುವು ಅದನ್ನು ಅಳಿಸಲಿಲ್ಲ. ನೋಡದೆ ಹೋದವರು ನಾವು.

1954ರಲ್ಲಿ ಸರಕಾರವು ಅವರಿಗೆ ಪದ್ಮವಿಭೂಷಣವನ್ನಿತ್ತು ಗೌರವಿಸಿತು. ಆಚಾರ್ಯರು 1966ರ ಏಪ್ರಿಲ್ 16ರಂದು ದಿವಂಗತರಾದರು. ಅಜಂತೆಯ ಸಹಚರರಾದ ವೆಂಕಟಪ್ಪನವರು ಅದರ ಹಿಂದಿನ ವರುಷವೇ ತೀರಿಕೊಂಡಿದ್ದರು.