ಪಕ್ಷೇತರ ಕೃಷ್ಣ ಮೆನನ್: ಮುಂಬಯಿ ಬಿಟ್ಟುಕೊಟ್ಟ ಸಂಸತ್ಸದಸ್ಯ

1967ರ ಮಹಾಚುನಾವಣೆ ಎಂದೊಡನೆ ಮುಂಬಯಿಯ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಬಲಾಢ್ಯರನ್ನು ಸೋಲಿಸಿದ ಪ್ರಸಂಗ. ಅದೇ ಚುನಾವಣೆಯಲ್ಲಿ ನಗರದ ಈಶಾನ್ಯ ಕ್ಷೇತ್ರದಲ್ಲಿ ನಡೆದ ಮತ್ತೊಂದು ಸ್ಪರ್ಧೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹತ್ತು ವರ್ಷ ಮುಂಬಯಿಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ವಿ.ಕೆ. ಕೃಷ್ಣ ಮೆನನ್ನರು ಅಲ್ಲಿ ಪಕ್ಷದ ಆಸರೆಯಿಲ್ಲದೆ ನಿಂತು ಸೋತರು. ಹೊರಗಿನಿಂದ ಬಂದು ಈ ನಗರದಲ್ಲಿ ಬದುಕು ಕಟ್ಟಿಕೊಂಡವರಿಗೆಲ್ಲ ಆ ಸೋಲು ಒಂದು ಪ್ರಶ್ನೆಯನ್ನು ಎತ್ತಿತು. ಒಂದು ಊರು ಯಾರನ್ನು ತನ್ನವರೆಂದು ಒಪ್ಪುತ್ತದೆ, ಎಷ್ಟು ಕಾಲದ ಮಟ್ಟಿಗೆ ಒಪ್ಪುತ್ತದೆ ಎಂಬುದೇ ಆ ಪ್ರಶ್ನೆ.

ಮೆನನ್ನರು ಹುಟ್ಟಿದ್ದು 1896ರ ಮೇ 3ರಂದು, ಮಲಬಾರಿನಲ್ಲಿ. ಆಗ ಮಲಬಾರು, ನಮ್ಮ ದಕ್ಷಿಣ ಕನ್ನಡ ಎರಡೂ ಮದರಾಸು ಪ್ರಾಂತದ ಅಕ್ಕಪಕ್ಕದ ಜಿಲ್ಲೆಗಳು. ಮದರಾಸಿನಲ್ಲಿ ಓದುತ್ತಿದ್ದಾಗ ಆನಿ ಬೆಸೆಂಟರ ಪ್ರಭಾವಕ್ಕೆ ಒಳಗಾದರು. 1924ರಲ್ಲಿ ಲಂಡನ್ನಿಗೆ ಹೋದವರು ಇಪ್ಪತ್ತೆಂಟು ವರ್ಷ ಅಲ್ಲಿಯೇ ಉಳಿದರು. ಇಂಡಿಯಾ ಲೀಗ್ ಸಂಸ್ಥೆಯ ಮೂಲಕ ಭಾರತದ ಸ್ವಾತಂತ್ರ್ಯದ ವಾದವನ್ನು ಬ್ರಿಟಿಷ್ ಸಾರ್ವಜನಿಕರ ಮುಂದೆ ಇಡುವುದೇ ಅವರ ಜೀವನದ ಉದ್ಯೋಗವಾಯಿತು. ಚಹಾ ಕುಡಿದುಕೊಂಡು, ಊಟ ಮರೆತು, ಆರೋಗ್ಯ ಕೆಡಿಸಿಕೊಂಡು ದುಡಿದರು. ಪೆಲಿಕನ್ ಪುಸ್ತಕಮಾಲೆಯ ಆರಂಭದ ಸಂಪಾದಕರಲ್ಲಿ ಅವರೂ ಒಬ್ಬರು. ಸೇಂಟ್ ಪ್ಯಾಂಕ್ರಾಸ್ ಬಡಾವಣೆಯ ಜನ 1934ರಿಂದ 1947ರವರೆಗೆ ಅವರನ್ನು ತಮ್ಮ ಪುರಸಭೆಯ ಸದಸ್ಯರನ್ನಾಗಿ ಉಳಿಸಿಕೊಂಡರು. ಮುಂದೆ ಅದೇ ಪುರಸಭೆ ತನ್ನ ಗೌರವ ಪೌರತ್ವವನ್ನೂ ಅವರಿಗೆ ನೀಡಿತು.

ಅಲ್ಲಿಯೂ ಒಂದು ಟಿಕೆಟು ಕೈತಪ್ಪಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರಕ್ಕೆ ಲೇಬರ್ ಪಕ್ಷದ ಭಾವೀ ಅಭ್ಯರ್ಥಿಯಾಗಿ ಅವರ ಹೆಸರು ಗೊತ್ತಾಗಿತ್ತು. ಕಮ್ಯುನಿಸ್ಟರ ಒಡನಾಟದ ಆರೋಪದ ಮೇಲೆ ಪಕ್ಷ ಅದನ್ನು ಹಿಂತೆಗೆದುಕೊಂಡಿತು. ಪಕ್ಷದೊಳಗೆ ಇದ್ದೂ ಪೂರ್ತಿ ಪಕ್ಷದವರಾಗದೆ ಉಳಿಯುವ ಯೋಗ ಅವರಿಗೆ ಅಂದಿನಿಂದಲೇ ಅಂಟಿಕೊಂಡಿತೆಂದು ನಮಗೆ ತೋರುತ್ತದೆ.

ಸ್ವಾತಂತ್ರ್ಯಾನಂತರ ಲಂಡನ್ನಿನಲ್ಲಿ ಹೈಕಮಿಷನರರಾದರು. ಆ ಅವಧಿಯ ಜೀಪು ಖರೀದಿಯ ವಿವಾದ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. 1953ರಲ್ಲಿ ರಾಜ್ಯಸಭೆಗೆ ಬಂದರು. 1957ರ ಜನವರಿಯಲ್ಲಿ ಕಾಶ್ಮೀರದ ಪ್ರಶ್ನೆಯ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಎರಡು ದಿನಗಳಲ್ಲಿ ಹೆಚ್ಚುಕಡಿಮೆ ಎಂಟು ಗಂಟೆ ಮಾತನಾಡಿ, ನಡುವೆ ಕುಸಿದುಬಿದ್ದು, ಮತ್ತೆ ಎದ್ದು ಮುಗಿಸಿದ ಸುದ್ದಿ ದೇಶದ ಮನೆಮನೆಗೂ ತಲುಪಿತು. ಆ ಖ್ಯಾತಿಯ ಅಲೆಯ ಮೇಲೆಯೇ ಅವರು ಅದೇ ವರ್ಷ ಉತ್ತರ ಮುಂಬಯಿಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ ಆರಿಸಿಬಂದರು. ಸಂಯುಕ್ತ ಮಹಾರಾಷ್ಟ್ರ ಚಳವಳಿ ಕಾವೇರಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಮಲಬಾರಿನವರೊಬ್ಬರು ಇಲ್ಲಿ ಕಾಂಗ್ರೆಸ್ಸಿನಿಂದ ಗೆದ್ದದ್ದು ಸಣ್ಣ ಮಾತಲ್ಲ.

ರಕ್ಷಣಾ ಸಚಿವರಾಗಿ ಅವರು ಕನ್ನಡಿಗರ ನೆನಪಿನಲ್ಲಿ ಉಳಿದಿರುವುದು ಒಂದು ಕಹಿಯ ಕಾರಣದಿಂದ. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು 1959ರಲ್ಲಿ ಮೆನನ್ನರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಸಲ್ಲಿಸಿದರು. ನೆಹರೂ ಅವರ ಮಾತಿನ ಮೇರೆಗೆ ಹಿಂತೆಗೆದುಕೊಂಡರು. ಈ ಪ್ರಕರಣದಲ್ಲಿ ನಮ್ಮ ಮನಸ್ಸು ತಿಮ್ಮಯ್ಯನವರ ಕಡೆಗೇ ವಾಲುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಿರಿಯ ಅಧಿಕಾರಿಗಳನ್ನು ಚುಚ್ಚುಮಾತಿನಿಂದ ನೋಯಿಸುವ ಅವರ ಸ್ವಭಾವ ಸೇನೆಗೂ ಒಳ್ಳೆಯದು ಮಾಡಲಿಲ್ಲ, ಅವರಿಗೂ ಮಾಡಲಿಲ್ಲ. ಆದರೆ ಸ್ವದೇಶಿ ರಕ್ಷಣಾ ಉತ್ಪಾದನೆಗೆ ಅವರು ಕೊಟ್ಟ ಒತ್ತನ್ನು ಬೆಂಗಳೂರು ಮರೆಯಲಾಗದು. ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಾದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲ ಬಾರಿ ಹಾರಿದ್ದು ಅವರ ಕಾಲದಲ್ಲಿ. ಸೈನಿಕ ಶಾಲೆಗಳ ಯೋಜನೆಯೂ ಅವರದೇ. ವಿಜಾಪುರದ ಶಾಲೆ ಆರಂಭವಾದ 1963ರ ವೇಳೆಗೆ ಅವರು ಸಚಿವರಾಗಿರಲಿಲ್ಲ.

1962ರ ಚುನಾವಣೆಯಲ್ಲಿ ಉತ್ತರ ಮುಂಬಯಿ ಇಡೀ ದೇಶದ ಕಣ್ಣು ಸೆಳೆಯಿತು. ಮೆನನ್ನರ ಎದುರಿಗೆ ನಿಂತವರು ಆಚಾರ್ಯ ಜೆ.ಬಿ. ಕೃಪಲಾನಿ. ಬಿಹಾರದ ಸೀತಾಮಢಿಯಿಂದ 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಆರಿಸಿಬಂದಿದ್ದ ಕೃಪಲಾನಿಯವರು ನಡುವೆಯೇ ಪಕ್ಷ ತೊರೆದು ಪಕ್ಷೇತರ ಸದಸ್ಯರಾಗಿದ್ದರು. ಆ ನೆಲೆಯಿಂದಲೇ ಮರುಆಯ್ಕೆ ಬಯಸಿ ಮುಂಬಯಿಗೆ ಬಂದಿದ್ದರು. ಚೀನಾದ ಗಡಿಯ ವಿಚಾರವೇ ಆ ಚುನಾವಣೆಯ ಮುಖ್ಯ ಚರ್ಚೆ. ನೆಹರೂ ತಾವೇ ಮೆನನ್ನರ ಪರ ನಿಂತರು. ಅವರ ಕೋರಿಕೆಯ ಮೇರೆಗೆ ದಿಲೀಪ್ ಕುಮಾರ್ ಅವರಂಥ ಚಿತ್ರನಟರು ಪ್ರಚಾರಕ್ಕಿಳಿದರು. ಮೆನನ್ನರು 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಒಬ್ಬರು ಸಿಂಧ್ ಪ್ರಾಂತದವರು, ಇನ್ನೊಬ್ಬರು ಮಲಬಾರಿನವರು. ಇಬ್ಬರೂ ಈ ನೆಲದವರಲ್ಲ. ಆದರೂ ಅಂದಿನ ವಾದವಿವಾದದಲ್ಲಿ ಹುಟ್ಟೂರಿನ ಮಾತು ಮುಂದೆ ಬರಲಿಲ್ಲ. ಐದು ವರ್ಷಗಳಲ್ಲಿ ಗಾಳಿ ಎಷ್ಟು ಬದಲಾಯಿತೆಂಬುದಕ್ಕೆ ಈ ಒಂದು ಸಂಗತಿಯೇ ಸಾಕ್ಷಿ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೀನಾ ದಾಳಿ ಮಾಡಿತು. ಸೇನೆಯ ಸಿದ್ಧತೆಯ ಕೊರತೆಗೆ ಮೆನನ್ನರನ್ನು ಹೊಣೆ ಮಾಡಿ ಕಾಂಗ್ರೆಸ್ಸಿನವರೇ ಎದ್ದುನಿಂತರು. ನವೆಂಬರ್‌ನಲ್ಲಿ ಅವರು ಸಂಪುಟ ಬಿಟ್ಟರು. ನೆಹರೂ ತೀರಿಕೊಂಡ ಮೇಲಂತೂ ಪಕ್ಷದಲ್ಲಿ ಅವರ ಬೆನ್ನಿಗಿದ್ದ ಆಸರೆ ಕಳಚಿತು.

1966ರ ಜೂನ್‌ನಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಕಚೇರಿಗಳಲ್ಲಿ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಪ್ರಕಟಿಸುವುದು, ಲುಂಗಿಯವರೆಂದು ಹೀಗಳೆಯುವುದು ಆ ಕಾಲದ ಪರಿಪಾಠವಾಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳೂ ಬಂದವು. ಇದೇ ಹೊತ್ತಿನಲ್ಲಿ ಮುಂಬಯಿ ಪ್ರದೇಶ ಕಾಂಗ್ರೆಸ್ ಮೆನನ್ನರಿಗೆ ಟಿಕೆಟು ನಿರಾಕರಿಸಿತು. ಅವರು ಮಹಾರಾಷ್ಟ್ರದವರಲ್ಲ ಎಂಬುದು ಮುಂದಿಟ್ಟ ಕಾರಣ. ನಿರ್ಧಾರದ ಹಿಂದೆ ಇದ್ದವರು ನಗರ ಕಾಂಗ್ರೆಸ್ಸಿನ ಸೂತ್ರಧಾರ ಎಸ್.ಕೆ. ಪಾಟೀಲರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಇದನ್ನು ತಪ್ಪಿಸಲಾಗಲಿಲ್ಲ. ಮೆನನ್ನರು ಕಾಂಗ್ರೆಸ್ ತೊರೆದು, ಹಾಲಿ ಸದಸ್ಯರಾಗಿದ್ದುಕೊಂಡೇ, ಪಕ್ಷೇತರರಾಗಿ ಈಶಾನ್ಯ ಮುಂಬಯಿಯಲ್ಲಿ ನಾಮಪತ್ರ ಸಲ್ಲಿಸಿದರು.

ಪಕ್ಷೇತರನೆಂದರೆ ಮತಪತ್ರದ ಮೇಲೆ ಜೋಡೆತ್ತಿನ ಗುರುತು ಇರುವುದಿಲ್ಲ. ಹದಿನೈದು ವರ್ಷಗಳಿಂದ ಆ ಗುರುತನ್ನೇ ನೋಡಿ ಮತ ಹಾಕುತ್ತಿದ್ದ ಮತದಾರರಿಗೆ ಹೊಸ ಚಿಹ್ನೆಯೊಂದನ್ನು ಕೆಲವೇ ವಾರಗಳಲ್ಲಿ ಪರಿಚಯಿಸಬೇಕು. ಎದುರಾಳಿ ಎಸ್.ಜಿ. ಬರ್ವೆಯವರೂ ಸಾಮಾನ್ಯರಲ್ಲ. ಐ.ಸಿ.ಎಸ್. ಅಧಿಕಾರಿಯಾಗಿದ್ದವರು, 1961ರಲ್ಲಿ ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆ ಜಲಾವೃತವಾದಾಗ ಪರಿಹಾರಕಾರ್ಯ ನಡೆಸಿ ಹೆಸರಾದವರು, ರಾಜ್ಯದ ಸಚಿವರಾಗಿದ್ದವರು. ಶಿವಸೇನೆಯೂ ಅವರ ಬೆಂಬಲಕ್ಕೆ ನಿಂತಿತು. ಮೆನನ್ನರ ಪರ ಎಡಪಂಥೀಯರೂ ದಕ್ಷಿಣದಿಂದ ಬಂದು ನೆಲೆಸಿದ್ದ ಅನೇಕರೂ ದುಡಿದರು. ನ್ಯಾಯವಾಗಿ ಹೇಳುವುದಾದರೆ, ಮೆನನ್ನರ ಬದುಕು ಮುಂಬಯಿಯಲ್ಲಿ ಬೇರೂರಿರಲಿಲ್ಲ; ದೆಹಲಿ ಮತ್ತು ನ್ಯೂಯಾರ್ಕುಗಳಲ್ಲಿಯೇ ಅವರ ಹೆಚ್ಚಿನ ಕಾಲ ಕಳೆದಿತ್ತು. ಮತದಾರರು ಆ ಕಾರಣಕ್ಕೆ ಅವರನ್ನು ಕೈಬಿಟ್ಟಿದ್ದರೆ ಯಾರೂ ದೂರುವಂತಿರಲಿಲ್ಲ. ಪ್ರಚಾರದಲ್ಲಿ ಮೇಲುಗೈ ಪಡೆದದ್ದು ಅವರ ಕೆಲಸದ ವಿಮರ್ಶೆಯಲ್ಲ, ಅವರ ಹುಟ್ಟೂರು. ಸುಮಾರು 13 ಸಾವಿರ ಮತಗಳಿಂದ ಅವರು ಸೋತರು.

ವಿಧಿಯ ಆಟವೋ ಎಂಬಂತೆ, ಗೆದ್ದ ಬರ್ವೆಯವರು ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಿಧನರಾದರು. ಮರುಚುನಾವಣೆಯಲ್ಲಿ ಕಾಂಗ್ರೆಸ್ ಅವರ ಸೋದರಿ ತಾರಾ ಸಪ್ರೆಯವರನ್ನು ನಿಲ್ಲಿಸಿತು. ಮೆನನ್ನರು ಮತ್ತೆ ನಿಂತರು, ಮತ್ತೆ ಸೋತರು. ಎಪ್ಪತ್ತು ದಾಟಿದ, ಊರುಗೋಲು ಹಿಡಿದ ಮನುಷ್ಯ ಮೂರು ತಿಂಗಳೊಳಗೆ ಒಂದೇ ಊರಿನಲ್ಲಿ ಎರಡು ಬಾರಿ ತಿರಸ್ಕೃತರಾದರು.

ಆ ವರ್ಷ ಪಕ್ಷೇತರರಿಗೆ ಕಾಲ ಕೂಡಿಬಂದಿತ್ತೆಂಬುದು ಗಮನಾರ್ಹ. 35 ಮಂದಿ ಪಕ್ಷೇತರರು ಲೋಕಸಭೆಗೆ ಬಂದರು. ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ಬಹುಕಾಲ ದುಡಿದ ನಮ್ಮ ಚುಟುಕು ಕವಿ ದಿನಕರ ದೇಸಾಯಿಯವರು ತಮ್ಮ ತವರಾದ ಕೆನರಾ ಕ್ಷೇತ್ರದಿಂದ ಗೆದ್ದದ್ದೂ ಆಗಲೇ, ಪಕ್ಷೇತರರಾಗಿಯೇ. ದೇಸಾಯಿಯವರಿಗೆ ಹೇಳಿಕೊಳ್ಳಲು ಒಂದು ತವರಿತ್ತು. ಮೆನನ್ನರು ತಮ್ಮ ತವರಿನಲ್ಲಿ ಅದುವರೆಗೂ ಲೋಕಸಭೆಗೆ ಆರಿಸಿಬಂದಿರಲಿಲ್ಲ.

ಸದಸ್ಯತ್ವ ಹೋದ ಮೇಲೆ ಅವರು ಕಪ್ಪು ಕೋಟು ತೊಟ್ಟು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸತೊಡಗಿದರು. ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಪರ ವಕಾಲತ್ತು ವಹಿಸಿದವರು ಅವರೇ. 1969ರ ಮೇ ತಿಂಗಳಿನಲ್ಲಿ ಪಶ್ಚಿಮ ಬಂಗಾಳದ ಮಿಡ್ನಾಪುರದಲ್ಲಿ ಉಪಚುನಾವಣೆ ಬಂದಿತು. ಅಲ್ಲಿ ಅಧಿಕಾರಕ್ಕೆ ಬಂದಿದ್ದ ಸಂಯುಕ್ತ ರಂಗ ಅವರನ್ನು ಬೆಂಬಲಿಸಿತು. ಬಂಗಾಳಿ ಬಾರದ ಮಲಯಾಳಿಯೊಬ್ಬರನ್ನು ಆ ಕ್ಷೇತ್ರದ ಜನ ಒಂದು ಲಕ್ಷಕ್ಕೂ ಮೀರಿದ ಬಹುಮತದಿಂದ ಗೆಲ್ಲಿಸಿದರು. ಇನ್ನೂ ಸ್ವಾರಸ್ಯದ ವಿಷಯವೆಂದರೆ, ಮುಂಬಯಿಯಲ್ಲಿ ಸೋತಿದ್ದ ಎಸ್.ಕೆ. ಪಾಟೀಲರೂ ಅದೇ 1969ರಲ್ಲಿ ಉಪಚುನಾವಣೆಯ ಮೂಲಕವೇ ಲೋಕಸಭೆಗೆ ಮರಳಿದರು; ಗುಜರಾತಿನ ಬನಾಸಕಾಂಠಾದಿಂದ, ಅಂದರೆ ಹೊರಗಿನವರಾಗಿ!

ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಗಿ 1971ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ, ಹಾಲಿ ಪಕ್ಷೇತರ ಸದಸ್ಯರಾದ ಮೆನನ್ನರು ಮಿಡ್ನಾಪುರವನ್ನು ಬಿಟ್ಟು ತಿರುವನಂತಪುರದಲ್ಲಿ ಮರುಆಯ್ಕೆ ಬಯಸಿದರು. ಅಲೆ ಪೂರ್ತಿ ಇಂದಿರಾ ಗಾಂಧಿಯವರದು. ಪಕ್ಷಗಳ ಹೊರಗಿದ್ದವರು ದೇಶದಾದ್ಯಂತ ಕೊಚ್ಚಿಹೋದರು. 35ರಷ್ಟಿದ್ದ ಪಕ್ಷೇತರರ ಸಂಖ್ಯೆ 14ಕ್ಕೆ ಇಳಿಯಿತು. ಕೆನರಾ ಕ್ಷೇತ್ರವೂ ಕಾಂಗ್ರೆಸ್ಸಿನ ಬಿ.ವಿ. ನಾಯಕರ ಪಾಲಾಯಿತು. ಆದರೆ ಮೆನನ್ನರು ಎಡಪಕ್ಷದ ಬೆಂಬಲದೊಂದಿಗೆ ಗೆದ್ದರು. ಪಕ್ಷೇತರ ಎಂಬ ಹೆಸರಿನ ಹಿಂದೆ ಪಕ್ಷವೊಂದರ ಕಾರ್ಯಕರ್ತರ ಬಲವಿತ್ತೆಂಬುದು ನಿಜ. ಮಿಡ್ನಾಪುರದಲ್ಲೂ ಹಾಗೆಯೇ ಆಗಿತ್ತು. ಮುಂಬಯಿಯಲ್ಲಿ ಸಾಲದೆ ಹೋದದ್ದೂ ಆ ಬಲವೇ ಇರಬಹುದು. ಲಂಡನ್ನಿನ ಬಡಾವಣೆ, ಮುಂಬಯಿ, ಬಂಗಾಳ ಇವೆಲ್ಲವನ್ನೂ ಸುತ್ತಿ ಬಂದ ಬಳಿಕ, ಎಪ್ಪತ್ತೈದರ ಹೊಸ್ತಿಲಲ್ಲಿ, ಅವರು ಮೊದಲ ಬಾರಿಗೆ ಮಲಯಾಳಂ ನಾಡಿನ ಪ್ರತಿನಿಧಿಯಾಗಿ ಲೋಕಸಭೆಯಲ್ಲಿ ಕುಳಿತರು.

ಅವರು ಮದುವೆಯಾಗಲಿಲ್ಲ. ಮತ್ತೆ ಯಾವ ಪಕ್ಷವನ್ನೂ ಸೇರಲಿಲ್ಲ. 1974ರ ಅಕ್ಟೋಬರ್ 6ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರು ತಿರುವನಂತಪುರದ ಪಕ್ಷೇತರ ಸದಸ್ಯರಾಗಿಯೇ ಇದ್ದರು.