ಡಾರ್ವಿನ್ನನೂ ದ್ವೀಪದ ಕಳ್ಳಿಯೂ

ಚಾರ್ಲ್ಸ್ ಡಾರ್ವಿನ್ನನು 1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದನು. ವೈದ್ಯವಿದ್ಯೆಯು ಅವನಿಗೆ ಹಿಡಿಸಲಿಲ್ಲ. ಬೇಟೆಯ ಮೋಜಿನಲ್ಲಿ ಮಗನ ಬಾಳು ವ್ಯರ್ಥವಾದೀತೆಂದು ತಂದೆಯವರು ಕಳವಳಗೊಂಡರು. ಆದರೆ ಕೇಂಬ್ರಿಜ್ಜಿನ ಸಸ್ಯಶಾಸ್ತ್ರದ ಗುರು ಹೆನ್ಸ್ಲೋ ಅವರು ಶಿಷ್ಯನ ಸೂಕ್ಷ್ಮದೃಷ್ಟಿಯನ್ನು ಗುರುತಿಸಿ, 1831ರಲ್ಲಿ ಬೀಗಲ್ ನೌಕೆಯ ಯಾತ್ರೆಗೆ ಅವನ ಹೆಸರನ್ನು ಸೂಚಿಸಿದರು.

1835ರಲ್ಲಿ ನೌಕೆಯು ಗಲಪಾಗೊಸ್ ದ್ವೀಪಗಳನ್ನು ಸೇರಿತು. ಅಲ್ಲಿ ಕಾದ ಕರಿಯ ಲಾವಾಶಿಲೆ. ನೀರಿಲ್ಲದ ದ್ವೀಪಗಳಲ್ಲಿ ದೈತ್ಯ ಆಮೆಗಳಿಗೆ ರಸಭರಿತ ಪಾಪಾಸುಕಳ್ಳಿಯೇ ಅನ್ನವೂ ನೀರೂ ಆಗಿದ್ದಿತು. ಡಾರ್ವಿನ್ನನು ಆ ಕಳ್ಳಿಯ ಮಾದರಿಯನ್ನು ಜೋಪಾನವಾಗಿ ತಂದನು; 1837ರಲ್ಲಿ ಗುರುಗಳು ಅದನ್ನು ಹೊಸ ಜಾತಿಯೆಂದು ವರ್ಣಿಸಿದರು.

ಬೇರೆಲ್ಲಿಯೂ ಇಲ್ಲದ ಜೀವಿಗಳು ಅಲ್ಲಿಯೇ ಏಕೆ ಎಂಬ ಪ್ರಶ್ನೆಯನ್ನು ಅವನು ಬಿಡಲಿಲ್ಲ. 1859ರಲ್ಲಿ ಜೀವವಿಕಾಸದ ಗ್ರಂಥವನ್ನು ಪ್ರಕಟಿಸಿ, 1882ರಲ್ಲಿ ಕಾಲವಾದನು.

ವಿದ್ಯಾರ್ಥಿಗಳೇ, ಗೋಡೆಯ ಬಿರುಕಿನ ಗಿಡವನ್ನೂ ಒಮ್ಮೆ ನಿಂತು ನೋಡಿರಿ.